ನೂರು ಮಿಲಿಲೀಟರಿನ ಮೇರೆ

ಪರದೇಶಕ್ಕೆ ಹೊರಟ ವಿಮಾನ ಪ್ರಯಾಣಿಕನು ತಪಾಸಣೆಯ ಕಟ್ಟೆಯನ್ನು ದಾಟುವಾಗ ಒಂದು ವಿಚಿತ್ರವಾದ ಕಟ್ಟುಪಾಡಿಗೆ ಒಳಗಾಗಬೇಕಾಗುತ್ತದೆ. ಅವನ ಕೈಚೀಲದಲ್ಲಿರುವ ದ್ರವ ಯಾವುದೇ ಆಗಲಿ, ೧೦೦ ಮಿಲಿಲೀಟರಿಗೆ ಮೀರದ ಪಾತ್ರೆಯಲ್ಲಿರಬೇಕು. ಅಂತಹ ಪಾತ್ರೆಗಳೆಲ್ಲವೂ ಒಂದು ಲೀಟರು ಹಿಡಿಯುವ, ಬಾಯಿ ಮುಚ್ಚಬಹುದಾದ ಒಂದೇ ಪಾರದರ್ಶಕ ಚೀಲದೊಳಗೆ ಅಡಗಬೇಕು. ಅರ್ಧ ಕುಡಿದ ನೀರಿನ ಶೀಶೆ, ಹೊಸದಾಗಿ ಕೊಂಡ ಕೇಶತೈಲ, ಮಗಳ ಮನೆಗೆಂದು ಅಕ್ಕರೆಯಿಂದ ಕಟ್ಟಿಸಿಕೊಂಡ ತುಪ್ಪದ ಡಬ್ಬಿ ಇವೆಲ್ಲವೂ ಅಲ್ಲಿಯೇ ಉಳಿದುಬಿಡುತ್ತವೆ. ಇನ್ನೂರು ಮಿಲಿಲೀಟರಿನ ಶೀಶೆಯ ತಳದಲ್ಲಿ ಎರಡು ಚಮಚ ಎಣ್ಣೆ ಮಾತ್ರ ಇದ್ದರೂ ಅದಕ್ಕೆ ಒಳಗೆ ಪ್ರವೇಶವಿಲ್ಲ. ಅಧಿಕಾರಿಯು ನೋಡುವುದು ಪಾತ್ರೆಯ ಅಳತೆಯನ್ನೇ ಹೊರತು ಅದರೊಳಗೆ ಉಳಿದಿರುವುದನ್ನಲ್ಲ.

ಇದನ್ನು ಕಂಡು ನಗುವವರೂ ಉಂಟು, ಸಿಡಿಮಿಡಿಗೊಳ್ಳುವವರೂ ಉಂಟು. ಘನವಸ್ತುವಿಗಿಲ್ಲದ ಅಡ್ಡಿ ದ್ರವಕ್ಕೇಕೆ? ನೂರೇ ಏಕೆ, ಇನ್ನೂರೇಕಾಗಬಾರದು? ಕ್ಷ-ಕಿರಣಗಳಿಂದ ಪೆಟ್ಟಿಗೆಯ ಒಳಹೊರಗನ್ನೆಲ್ಲ ಕಾಣುವ ಯಂತ್ರವಿರುವಾಗ ನೀರಿನ ಶೀಶೆಯನ್ನು ಕಂಡು ಅಂಜುವುದೇತಕ್ಕೆ? ಪ್ರಶ್ನೆಗಳು ನ್ಯಾಯವಾದುವೇ. ಉತ್ತರವನ್ನು ಹುಡುಕುತ್ತ ಹೋದರೆ ರಸಾಯನಶಾಸ್ತ್ರ, ಭೌತಶಾಸ್ತ್ರಗಳೆರಡರ ಅಂಗಳವನ್ನೂ ನಾವು ಹಾದುಹೋಗಬೇಕಾಗುತ್ತದೆ.

ಅಪಾಯಕಾರಿಯಾದ ದ್ರವದ ಸಾಗಣೆಗೆ ಮೊದಲು ಕಟ್ಟುಹಾಕಿದವರು ವಿಮಾನದವರಲ್ಲ. ೧೮೪೭ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಸೊಬ್ರೆರೊ ಎಂಬ ರಸಾಯನಜ್ಞನು ನೈಟ್ರೊಗ್ಲಿಸರಿನ್ ಎಂಬ ಎಣ್ಣೆಯಂತಹ ದ್ರವವನ್ನು ತಯಾರಿಸಿದನು. ಗಣಿಗಳಿಗೂ ರೈಲುಹಾದಿಯ ಸುರಂಗಗಳಿಗೂ ಅದು ಬೇಕಾದ ವಸ್ತುವಾಯಿತು. ಆದರೆ ಒಂದು ಕುಲುಕಿಗೇ ಸಿಡಿಯಬಲ್ಲ ಆ ದ್ರವವನ್ನು ಊರಿಂದೂರಿಗೆ ಒಯ್ಯುವುದು ಹೇಗೆ? ೧೮೬೬ರ ಏಪ್ರಿಲಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಾಗಣೆಯ ಕಚೇರಿಯೊಂದರಲ್ಲಿ ಸೋರುತ್ತಿದ್ದ ಪೆಟ್ಟಿಗೆಯೊಂದು ಸಿಡಿದು ಕಟ್ಟಡವೇ ಉರುಳಿತು. ಬ್ರಿಟಿಷ್ ಪಾರ್ಲಿಮೆಂಟು ೧೮೬೯ರಲ್ಲಿ ಶಾಸನವೊಂದರಿಂದ ಈ ದ್ರವದ ಆಮದು, ಸಾಗಣೆಗಳನ್ನು ನಿರ್ಬಂಧಿಸಿತು. ಅಷ್ಟರಲ್ಲಿ ಆಲ್‌ಫ್ರೆಡ್ ನೊಬೆಲನು ಅದನ್ನು ಒಂದು ಬಗೆಯ ಸೂಕ್ಷ್ಮರಂಧ್ರಗಳ ಮಣ್ಣಿಗೆ ಹೀರಿಸಿ ಡೈನಮೈಟನ್ನು ಮಾಡಿದ್ದನು. ದ್ರವವನ್ನು ಘನಕ್ಕೆ ಕಟ್ಟಿಹಾಕಿದ ಮಾತ್ರಕ್ಕೇ ಅದು ಎಷ್ಟೋ ಸಾಧುವಾಯಿತೆಂಬುದನ್ನು ನಮ್ಮ ವಾಚಕರು ಗಮನಿಸಬೇಕು.

ಇನ್ನು ವಿಮಾನಗಳ ಮಾತು. ೧೯೮೭ರ ನವೆಂಬರ್ ೨೯ರಂದು ಬಾಗ್ದಾದಿನಿಂದ ಅಬು ಧಾಬಿ, ಬ್ಯಾಂಕಾಕುಗಳ ಮಾರ್ಗವಾಗಿ ಸಿಯೋಲಿಗೆ ಹೊರಟಿದ್ದ ಕೊರಿಯದ ವಿಮಾನವೊಂದು ಅಂಡಮಾನ್ ಸಮುದ್ರದ ಮೇಲೆ ಸಿಡಿದು ೧೧೫ ಮಂದಿ ಸತ್ತರು. ನಡುವೆ ಅಬು ಧಾಬಿಯಲ್ಲಿ ಇಳಿದುಹೋಗಿದ್ದ ಇಬ್ಬರು, ತಲೆಯ ಮೇಲಣ ಅಟ್ಟದಲ್ಲಿ ಒಂದು ರೇಡಿಯೊವನ್ನೂ ಮದ್ಯದ ಶೀಶೆಯಂತೆ ತೋರುವ ಶೀಶೆಯೊಂದನ್ನೂ ಬಿಟ್ಟುಹೋಗಿದ್ದರು. ಶೀಶೆಯಲ್ಲಿದ್ದುದು ದ್ರವಸ್ಫೋಟಕ. ೧೯೯೪ರ ಡಿಸೆಂಬರ್ ೧೧ರಂದು ಮನಿಲಾದಿಂದ ಟೋಕಿಯೋಗೆ ಹೊರಟಿದ್ದ ಫಿಲಿಪೀನ್ ವಿಮಾನದಲ್ಲಿ ಮತ್ತೊಂದು ಸ್ಫೋಟವಾಗಿ ಒಬ್ಬ ಪ್ರಯಾಣಿಕನು ಮಡಿದನು. ಕೆಟ್ಟುಹೋದ ಚುಕ್ಕಾಣಿಯೊಡನೆ ಹೆಣಗಾಡಿ ಚಾಲಕನು ವಿಮಾನವನ್ನು ಓಕಿನಾವ ದ್ವೀಪದಲ್ಲಿ ಇಳಿಸಿದನು. ಅಲ್ಲಿ ಬಳಕೆಯಾದದ್ದು ಸೊಬ್ರೆರೊ ಕಂಡುಹಿಡಿದ ಆ ಹಳೆಯ ಎಣ್ಣೆಯೇ. ಅದನ್ನು ಒಳಗೆ ತಂದದ್ದು ಕಣ್ಣಿನ ಸ್ಪರ್ಶಮಸೂರಗಳನ್ನು ತೊಳೆಯುವ ದ್ರಾವಣದ ಪುಟ್ಟ ಶೀಶೆಯಲ್ಲಿ. ಎರಡು ದುರಂತಗಳಾದರೂ ಜಗತ್ತು ಶೀಶೆಗಳ ತಂಟೆಗೆ ಹೋಗಲಿಲ್ಲವೆಂಬುದು ನಮಗೆ ಇಂದು ಸೋಜಿಗವಾಗಿ ತೋರುತ್ತದೆ.

ಕಣ್ಣು ತೆರೆಯಿಸಿದ್ದು ೨೦೦೬ನೆಯ ಇಸವಿ. ಲಂಡನ್ನಿನಿಂದ ಉತ್ತರ ಅಮೆರಿಕಕ್ಕೆ ಹಾರುವ ಹಲವು ವಿಮಾನಗಳನ್ನು ಏಕಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಒಡೆಯಬೇಕೆಂಬ ಸಂಚೊಂದನ್ನು ಬ್ರಿಟನ್ನಿನ ಪೊಲೀಸರು ಬಯಲಿಗೆಳೆದು, ಆಗಸ್ಟ್ ೯ರ ರಾತ್ರಿ ಸಂಚುಗಾರರನ್ನು ಹಿಡಿದರು. ಹೈಡ್ರೊಜನ್ ಪೆರಾಕ್ಸೈಡಿನ ಗಾಢವಾದ ದ್ರಾವಣವನ್ನು ತಂಪುಪಾನೀಯದ ಶೀಶೆಗಳಲ್ಲಿ ಅಡಗಿಸಿ ಒಯ್ಯಬೇಕೆಂಬುದು ಅವರ ಹವಣಿಕೆ. ಮರುದಿನ ಬೆಳಗಾಗುವಷ್ಟರಲ್ಲಿ ಬ್ರಿಟನ್ನಿನ ವಿಮಾನನಿಲ್ದಾಣಗಳಲ್ಲಿ ಕೈಚೀಲವೇ ನಿಷಿದ್ಧವಾಯಿತು. ಹಣ, ರಹದಾರಿ, ಔಷಧಿ ಮುಂತಾದ ಕೆಲವೇ ವಸ್ತುಗಳನ್ನು ಪಾರದರ್ಶಕ ಚೀಲದಲ್ಲಿ ಹಿಡಿದು ಜನ ವಿಮಾನವೇರಿದರು. ಕೂಸಿನ ಹಾಲಿನ ಶೀಶೆಯಿಂದ ಅಧಿಕಾರಿಯ ಕಣ್ಣೆದುರಿನಲ್ಲಿ ತಾಯಿ ತಾನೇ ಒಂದು ಗುಟುಕು ಕುಡಿದು ತೋರಿಸಬೇಕಾಯಿತು. ಅಮೆರಿಕ ಅದೇ ದಿನ ದ್ರವಗಳನ್ನೆಲ್ಲ ನಿಷೇಧಿಸಿತು. ಇಂತಹ ಪೂರ್ಣ ನಿಷೇಧ ಬಹುಕಾಲ ನಡೆಯಲಾರದಷ್ಟೆ. ಸೆಪ್ಟೆಂಬರ್ ೨೬ರಿಂದ ಅಮೆರಿಕ ಸಣ್ಣ ಶೀಶೆಗಳಿಗೆ ಒಪ್ಪಿಗೆಯಿತ್ತಿತು. ನವೆಂಬರ್ ೬ರಿಂದ ಯೂರೋಪಿನ ಒಕ್ಕೂಟದಲ್ಲಿ ನೂರು ಮಿಲಿಲೀಟರಿನ ನಿಯಮ ಜಾರಿಗೆ ಬಂದಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೨೦೦೭ರ ಮಾರ್ಚ್ ೧ರಿಂದ ಇದನ್ನು ಅನುಸರಿಸಬೇಕೆಂದು ಎಲ್ಲ ರಾಷ್ಟ್ರಗಳಿಗೂ ಶಿಫಾರಸು ಮಾಡಿತು. ಸಂಚುಗಾರರಲ್ಲಿ ಮೂವರ ಮೇಲಣ ವಿಮಾನಸ್ಫೋಟದ ಒಳಸಂಚಿನ ಆರೋಪ ನ್ಯಾಯಾಲಯದಲ್ಲಿ ಸಿದ್ಧವಾದದ್ದು ೨೦೦೯ರಲ್ಲಿ.

ಹೈಡ್ರೊಜನ್ ಪೆರಾಕ್ಸೈಡ್ ಎಂದರೆ ಬೆಚ್ಚಿಬೀಳಬೇಕಾಗಿಲ್ಲ. ಶೇಕಡ ಮೂರರ ದ್ರಾವಣ ಔಷಧಾಲಯಗಳಲ್ಲಿ ಸಿಕ್ಕುತ್ತದೆ. ಗಾಯಕ್ಕೆ ಹಚ್ಚಿದರೆ ಬುರುಬುರು ನೊರೆಯೇಳುತ್ತದೆ. ೧೮೧೮ರಲ್ಲಿ ಫ್ರೆಂಚ್ ರಸಾಯನಜ್ಞ ತೆನಾರನು ಇದನ್ನು ಕಂಡುಹಿಡಿದನು. ನೀರಿನ ಅಣುವಿನಲ್ಲಿ ಜಲಜನಕದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಇರುವುವೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆಮ್ಲಜನಕದ ಇನ್ನೊಂದು ಪರಮಾಣುವನ್ನು ಅದಕ್ಕೆ ಸೇರಿಸಿದರೆ ಪೆರಾಕ್ಸೈಡ್. ಈ ಎರಡು ಆಮ್ಲಜನಕ ಪರಮಾಣುಗಳ ನಡುವಣ ಕೊಂಡಿ ಬಹಳ ದುರ್ಬಲವಾದುದು. ಅದು ಕಳಚಿದಾಗ ನೀರೂ ಆಮ್ಲಜನಕವೂ ಬೇರೆಯಾಗಿ, ಜೊತೆಗೆ ಬಹಳ ಶಾಖ ಹೊರಬೀಳುತ್ತದೆ. ಶೇಕಡ ಮೂರರ ದ್ರಾವಣದಲ್ಲಿ ಉಳಿದ ತೊಂಬತ್ತೇಳು ಪಾಲು ನೀರು ಆ ಶಾಖವನ್ನು ನುಂಗಿಬಿಡುತ್ತದೆ. ಗಾಢವಾದ ದ್ರಾವಣದಲ್ಲಿ ನುಂಗುವವರಿಲ್ಲ. ಬಿಡುಗಡೆಯಾದ ಆಮ್ಲಜನಕ, ಸುತ್ತಣ ಉರಿಯುವ ವಸ್ತು, ಏರಿದ ಶಾಖ ಮೂರೂ ಒಂದೆಡೆ ಸೇರುತ್ತವೆ. ಪೆರಾಕ್ಸೈಡಿನಿಂದ ಓಡುವ ಟಾರ್ಪಿಡೊ ಸಿಡಿದು ೧೯೫೫ರಲ್ಲಿ ಬ್ರಿಟನ್ನಿನ ಪೋರ್ಟ್‌ಲೆಂಡ್ ಬಂದರಿನಲ್ಲಿ ಸಿಡಾನ್ ಎಂಬ ಜಲಾಂತರ್ಗಾಮಿ ಮುಳುಗಿ ಹದಿಮೂರು ಮಂದಿ ಸತ್ತರು. ೨೦೦೦ದ ಆಗಸ್ಟ್ ೧೨ರಂದು ರಷ್ಯದ ಕುರ್ಸ್ಕ್ ಎಂಬ ಜಲಾಂತರ್ಗಾಮಿ ೧೧೮ ನಾವಿಕರೊಡನೆ ಸಮುದ್ರದ ಪಾಲಾದದ್ದೂ ಇದೇ ದ್ರವದ ದೆಸೆಯಿಂದ. ಪಳಗಿಸಿದರೆ ಇದು ಸೇವಕ. ರಷ್ಯದ ಸೊಯೂಜ್ ರಾಕೆಟ್ಟಿನಲ್ಲಿ ಇಂಧನದ ಪಂಪುಗಳನ್ನು ತಿರುಗಿಸುವ ಕೆಲಸವನ್ನು ಮಾಡುತ್ತಿರುವುದು ಇದೇ ಪೆರಾಕ್ಸೈಡ್.

ಸರಿ, ಕ್ಷ-ಕಿರಣದ ಯಂತ್ರ ಇದನ್ನು ಹಿಡಿಯಲಾರದೆ? ಇಲ್ಲಿಯೇ ಇರುವುದು ಸಮಸ್ಯೆಯ ತಿರುಳು. ನಿಲ್ದಾಣದ ಯಂತ್ರ ಪೆಟ್ಟಿಗೆಯ ಮೂಲಕ ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಹಾಯಿಸುತ್ತದೆ. ಕಡಮೆ ಶಕ್ತಿಯ ಕಿರಣಗಳನ್ನು ಭಾರವಾದ ಪರಮಾಣುಗಳು ಬಹಳವಾಗಿ ಹೀರಿಕೊಳ್ಳುತ್ತವೆ, ಹಗುರವಾದವು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಹೆಚ್ಚು ಶಕ್ತಿಯ ಕಿರಣಗಳಿಗೆ ಈ ಭೇದ ಅಷ್ಟಿಲ್ಲ. ಎರಡನ್ನೂ ತುಲನೆಮಾಡಿದರೆ ಎದುರಿಗಿರುವ ವಸ್ತು ಎಂತಹ ಪರಮಾಣುಗಳಿಂದ ಆದುದೆಂಬುದರ ಒಂದು ಅಂದಾಜು ದೊರೆಯುತ್ತದೆ. ಗಣಕಯಂತ್ರವು ಲೋಹಗಳಿಗೆ ನೀಲಿ ಬಣ್ಣವನ್ನೂ, ಇಂಗಾಲ ಆಮ್ಲಜನಕಗಳಂತಹ ಹಗುರವಾದ ಪರಮಾಣುಗಳ ವಸ್ತುಗಳಿಗೆ ಕಿತ್ತಳೆ ಬಣ್ಣವನ್ನೂ, ನಡುವಿನವಕ್ಕೆ ಹಸಿರನ್ನೂ ಬಳಿದು ತೋರಿಸುತ್ತದೆ. ಚಾಕು ಕೋವಿಗಳು ಇದರಿಂದ ಥಟ್ಟನೆ ಸಿಕ್ಕಿಬೀಳುತ್ತವೆ. ಆದರೆ ನೀರು, ಹಾಲು, ಎಣ್ಣೆ, ಹಣ್ಣಿನ ರಸ, ಪೆರಾಕ್ಸೈಡ್ ಎಲ್ಲವೂ ಕಿತ್ತಳೆಯೇ! ನೀರಿನಲ್ಲಿರುವುದೂ ಜಲಜನಕ ಆಮ್ಲಜನಕಗಳೇ, ಪೆರಾಕ್ಸೈಡಿನಲ್ಲಿರುವುದೂ ಅವೇ. ಸಾಂದ್ರತೆಯಿಂದಾದರೂ ಗುರುತಿಸೋಣವೆಂದರೆ, ಶುದ್ಧ ಪೆರಾಕ್ಸೈಡಿನ ಸಾಂದ್ರತೆ ನೀರಿನ ಸುಮಾರು ೧.೪೫ ಪಟ್ಟು, ಜೇನುತುಪ್ಪದ್ದು ೧.೪ರಷ್ಟು. ದ್ರಾವಣವಾದರೆ ಇನ್ನೂ ಕೆಳಗಿಳಿದು ಸಕ್ಕರೆಪಾಕದ ಸಾಲಿಗೆ ಬಂದು ನಿಲ್ಲುತ್ತದೆ. ಅಲ್ಲದೆ ಘನವಸ್ತುವಿಗೆ ಒಂದು ಆಕಾರವಾದರೂ ಇದೆ. ದ್ರವದ ಆಕಾರ ಶೀಶೆಯ ಆಕಾರ. ಬಟ್ಟೆ, ಪುಸ್ತಕ, ಪಾದರಕ್ಷೆಗಳ ನೆರಳು ಒಂದರ ಮೇಲೊಂದು ಬಿದ್ದ ಚಪ್ಪಟೆ ಚಿತ್ರದಲ್ಲಿ ಶೀಶೆಯೊಳಗಿನ ಗುಣವನ್ನು ಹೇಳುವುದೆಂತು?

ಆದುದರಿಂದ ಈ ನಿಯಮ ದ್ರವದ ದೋಷದಿಂದ ಹುಟ್ಟಿದುದಲ್ಲ, ಉಪಕರಣದ ಅಸಾಮರ್ಥ್ಯದಿಂದ ಹುಟ್ಟಿದುದು ಎಂದೇ ನಾವು ಭಾವಿಸುತ್ತೇವೆ. ಏನೆಂದು ತಿಳಿಯಲು ಬಾರದಿದ್ದಾಗ ಎಷ್ಟು ಎಂಬುದನ್ನಾದರೂ ಮಿತಗೊಳಿಸಿದರು. ವಿಮಾನದ ಮೈಯನ್ನು ಒಡೆಯಲು ಒಂದು ಮೊತ್ತದ ಸ್ಫೋಟಕ ಬೇಕೇ ಬೇಕು. ಪುಟ್ಟ ಪಾತ್ರೆಯಲ್ಲಿ ಹಿಡಿಯುವಷ್ಟರಿಂದ ಅದು ಕಷ್ಟಸಾಧ್ಯವೆಂಬುದು ತಜ್ಞರ ತೀರ್ಮಾನ. ಹಲವು ಶೀಶೆಗಳನ್ನು ಒಳಗೆ ತಂದು ಒಂದುಗೂಡಿಸಿದರೆ? ಅದಕ್ಕಾಗಿಯೇ ಒಂದು ಲೀಟರಿನ ಚೀಲದ ಎರಡನೆಯ ಕಟ್ಟು. ಹಲವರು ಕೂಡಿದರೆ? ಈ ಆಕ್ಷೇಪವನ್ನು ಟೀಕಾಕಾರರು ಮೊದಲಿನಿಂದಲೂ ಎತ್ತುತ್ತಿದ್ದಾರೆ, ಅದರಲ್ಲಿ ಹುರುಳೂ ಇದೆ. ನೂರು ಎಂಬುದು ಪ್ರಕೃತಿಯ ನಿಯತಾಂಕವೇನೂ ಅಲ್ಲ. ಅಪಾಯಕ್ಕೂ ಅನುಕೂಲಕ್ಕೂ ನಡುವೆ ಮಾಡಿಕೊಂಡ ರಾಜಿ. ಖಾಲಿ ಶೀಶೆಯ ಅಳತೆಯನ್ನೇ ನೋಡುವ ಪದ್ಧತಿಯೂ ಇಂತಹುದೇ. ಸಾವಿರಾರು ಮಂದಿ ಸಾಲುಗಟ್ಟಿ ನಿಂತಿರುವಲ್ಲಿ ಅಳತೆಯ ಪಾತ್ರೆಯಲ್ಲಿ ಒಬ್ಬೊಬ್ಬರ ಎಣ್ಣೆಯನ್ನೂ ಸುರಿದು ನೋಡುವುದುಂಟೆ? ಶೀಶೆಯ ಮೇಲೆ ಅಚ್ಚಾದ ಅಂಕೆಯನ್ನು ಓದಲು ಒಂದು ಗಳಿಗೆ ಸಾಕು.

ಇನ್ನು ದ್ರವವೆಂದರೇನು ಎಂಬ ತೊಡಕು. ಶಾಲೆಯ ಪಾಠದಲ್ಲಿ ಇದು ಬಹು ಸುಲಭ: ಗಾತ್ರ ನಿಯತ, ಆಕಾರ ಅನಿಯತ. ತಪಾಸಣೆಯ ಕಟ್ಟೆಯಲ್ಲಿ ಅಷ್ಟು ಸುಲಭವಲ್ಲ. ಹಲ್ಲುಜ್ಜುವ ಪೇಸ್ಟು ದ್ರವವೊ ಘನವೊ? ಕುಂಚದ ಮೇಲೆ ಹಾಕಿದರೆ ಹರಿಯದೆ ಕುಳಿತಿರುತ್ತದೆ, ಆದ್ದರಿಂದ ಘನವೆನ್ನಬೇಕು. ಕೊಳವೆಯನ್ನು ಒತ್ತಿದರೆ ಹರಿದುಬರುತ್ತದೆ, ಆದ್ದರಿಂದ ದ್ರವವೆನ್ನಬೇಕು. ಇಂತಹ ವಸ್ತುಗಳು ಒಂದು ಮಿತಿಯ ಒತ್ತಡದವರೆಗೆ ಜಗ್ಗದೆ ನಿಂತು, ಮಿತಿ ಮೀರಿದೊಡನೆ ಹರಿಯತೊಡಗುತ್ತವೆ. ಬಣ್ಣದ ಲೇಪಗಳಲ್ಲಿ ಈ ಗುಣವನ್ನು ಅಭ್ಯಸಿಸಿದ ಅಮೆರಿಕದ ಬಿಂಗ್‌ಹ್ಯಾಮನ ಹೆಸರಿನಿಂದಲೇ ಇವನ್ನು ಇಂದಿಗೂ ಕರೆಯುತ್ತಾರೆ. ವಸ್ತುಗಳ ಹರಿವನ್ನು ಕುರಿತ ಶಾಸ್ತ್ರಕ್ಕೆ ೧೯೨೦ರಲ್ಲಿ ರಿಯಾಲಜಿ ಎಂದು ಹೆಸರಿಟ್ಟವನೂ ಅವನೇ. ನಿಯಮ ಬರೆದವರು ಈ ಶಾಸ್ತ್ರಚರ್ಚೆಗೆ ಹೋಗದೆ ದ್ರವ, ತುಂತುರು, ಲೋಳೆ, ಲೇಪ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಅಮೆರಿಕದಲ್ಲಿ ನೆಲಗಡಲೆಯ ಬೆಣ್ಣೆಯೂ ದ್ರವವೇ. ಮೊಸರು ದ್ರವ, ಮುಖಲೇಪ ದ್ರವ. ನಮ್ಮ ನಾಡಿನ ವಸ್ತುಗಳನ್ನು ಈ ತಕ್ಕಡಿಯಲ್ಲಿಟ್ಟು ನೋಡಿದರೆ ತಮಾಷೆಯಾಗಿರುತ್ತದೆ. ಅಚ್ಚುಬೆಲ್ಲ ನಿಸ್ಸಂದೇಹವಾಗಿ ಘನ. ಅದೇ ಕಬ್ಬಿನ ಹಾಲಿನಿಂದ ಆದ ಮಲೆನಾಡಿನ ಜೋನಿಬೆಲ್ಲ ದ್ರವ. ತುಪ್ಪವಂತೂ ಮಾಘಮಾಸದ ಬೆಳಗಿನಲ್ಲಿ ಹರಳುಗಟ್ಟಿ ಕುಳಿತಿದ್ದು, ಮಂಗಳೂರಿನ ವೈಶಾಖದಲ್ಲಿ ತಿಳಿನೀರಿನಂತಾಗುತ್ತದೆ. ಮಂಜುಗಡ್ಡೆಯ ವಿಷಯದಲ್ಲಿ ಅಮೆರಿಕದವರು ಒಂದು ಸ್ಪಷ್ಟವಾದ ಗೆರೆಯನ್ನು ಎಳೆದಿದ್ದಾರೆ: ತಪಾಸಣೆಯ ಹೊತ್ತಿಗೆ ಕಲ್ಲಿನಂತೆ ಹೆಪ್ಪುಗಟ್ಟಿದ್ದರೆ ಹೋಗಬಹುದು, ಅಡಿಯಲ್ಲಿ ಒಂದಿಷ್ಟು ಕರಗಿ ನೀರಾಗಿದ್ದರೆ ದ್ರವದ ನಿಯಮವೇ ಅದಕ್ಕೂ. ಕೂಸಿನ ಹಾಲು, ಪ್ರಯಾಣಕ್ಕೆ ಬೇಕಾದ ಔಷಧಿಗಳಿಗೆ ಎಲ್ಲೆಡೆಯೂ ವಿನಾಯಿತಿಯುಂಟು, ಅಧಿಕಾರಿಗೆ ಮೊದಲೇ ತೋರಿಸಬೇಕು.

ಸ್ಫೋಟದ ಭಯವಿಲ್ಲದೆಯೂ ವಿಮಾನದಿಂದ ದೂರವಿಡಬೇಕಾದ ದ್ರವವೊಂದಿದೆ, ಅದು ಪಾದರಸ. ವಿಮಾನದ ಮೈಯೆಲ್ಲ ಬಹುಮಟ್ಟಿಗೆ ಅಲ್ಯೂಮಿನಿಯಮ್ ಮಿಶ್ರಲೋಹ. ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಅದರ ಮೇಲೆ ಒಂದು ತೆಳುವಾದ ಪೊರೆ ಏರ್ಪಟ್ಟು ಒಳಗಿನ ಲೋಹವನ್ನು ಕಾಪಾಡುತ್ತಿರುತ್ತದೆ. ಗೀರಿನಲ್ಲಿ ಪಾದರಸದ ಹನಿ ಸೇರಿತೆಂದರೆ ಆ ಪೊರೆ ನೆಲೆಗೊಳ್ಳುವುದಿಲ್ಲ. ಲೋಹ ಪಾದರಸದಲ್ಲಿ ಕರಗಿ, ಮೇಲೆ ಬಂದು, ಬಿಳಿಯ ಬೂದಿಯಾಗಿ ಉದುರುತ್ತ ಹೋಗುತ್ತದೆ. ಆದುದರಿಂದ ಪಾದರಸದ ಜ್ವರಮಾಪಕವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಭದ್ರವಾದ ಕೋಶದಲ್ಲಿಟ್ಟು ದೊಡ್ಡ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ಇದಕ್ಕೆ ತಲೆಕೆಳಗಾದ ಅಪವಾದವೂ ಒಂದುಂಟು: ಸರಕಾರದ ಹವಾಮಾನ ಇಲಾಖೆಯ ಪ್ರತಿನಿಧಿ ಪಾದರಸದ ವಾಯುಭಾರಮಾಪಕವನ್ನು ತನ್ನ ಕೈಯಲ್ಲಿಯೇ ಒಯ್ಯಬೇಕು, ವಿಮಾನದ ನಾಯಕನಿಗೂ ಅದು ತಿಳಿದಿರಬೇಕು.

ನಿಯಮಕ್ಕೆ ಒಪ್ಪುವ ಶೀಶೆಯೂ ಆಕಾಶದಲ್ಲಿ ಒಂದು ಕೀಟಲೆ ಮಾಡುವುದುಂಟು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಲ್ಲ. ೮೦೦೦ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ, ಎಂದರೆ ಸಮುದ್ರಮಟ್ಟದ ಮುಕ್ಕಾಲಿನಷ್ಟಕ್ಕೆ ಅದು ಇಳಿಯಬಹುದು. ನೂರು ಮಿಲಿಲೀಟರಿನ ಶೀಶೆಯಲ್ಲಿ ಅರ್ಧ ಎಣ್ಣೆ, ಅರ್ಧ ಗಾಳಿ ಇದ್ದು ಮಂಗಳೂರಿನಲ್ಲಿ ಮುಚ್ಚಿದ್ದರೆ, ಬಾಯಿಲನ ನಿಯಮದಂತೆ ಆ ಐವತ್ತು ಮಿಲಿಲೀಟರು ಗಾಳಿ ಸುಮಾರು ಅರುವತ್ತೇಳು ಆಗಬಯಸುತ್ತದೆ. ಮುಚ್ಚಳ ಸಡಿಲವಾಗಿದ್ದರೆ ಎಣ್ಣೆ ಹೊರಗೆ ಬರದೆ ಗತ್ಯಂತರವಿಲ್ಲ. ಅರ್ಧ ಶಾಯಿಯ ಫೌಂಟನ್ ಪೆನ್ನು ಜೇಬನ್ನು ಕೆಡಿಸುವುದೂ ಹೀಗೆಯೇ. ತುಂಬಿದ ಶೀಶೆಯಾದರೆ ಹಿಗ್ಗುವ ಗಾಳಿಯೇ ಇಲ್ಲ, ಆದ್ದರಿಂದ ಸೋರುವುದೂ ಕಡಮೆ. ಇದಕ್ಕೆ ವಿರುದ್ಧವಾದ ಪ್ರಯೋಗವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು: ಮೇಲೆ ಹಾರುತ್ತಿರುವಾಗ ಖಾಲಿಯಾದ ಪ್ಲಾಸ್ಟಿಕ್ ಶೀಶೆಯನ್ನು ಬಿಗಿಯಾಗಿ ಮುಚ್ಚಿಟ್ಟರೆ, ಇಳಿದ ಮೇಲೆ ಅದು ಹಿಂಡಿದಂತೆ ನುಗ್ಗಾಗಿರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ಇಳಿದವರಿಗಿಂತ ಕರಾವಳಿಯಲ್ಲಿ ಇಳಿದವರ ಶೀಶೆ ಹೆಚ್ಚು ನುಗ್ಗುತ್ತದೆ.

ಮತ್ತೆ ಮುಖ್ಯವಿಷಯಕ್ಕೆ ಬರೋಣ. ಶೀಶೆಯನ್ನು ತೆರೆಯದೆ ಒಳಗಿನ ದ್ರವ ಇಂತಹುದೇ ಎಂದು ಹೇಳಬಲ್ಲ ಉಪಾಯವಿಲ್ಲವೆ? ಇದೆ, ಅದರ ಬೇರು ನಮ್ಮ ದೇಶದಲ್ಲಿಯೇ ಇದೆ. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ಕಂಡ ಪರಿಣಾಮವೇ ಅದು. ಬೆಳಕು ದ್ರವವೊಂದರ ಅಣುಗಳಿಂದ ಚದುರಿದಾಗ ಬಹುಪಾಲು ತನ್ನ ಬಣ್ಣವನ್ನು ಬದಲಿಸುವುದಿಲ್ಲ. ಅತ್ಯಲ್ಪವಾದ ಒಂದಂಶ ಮಾತ್ರ ಅಣುವಿನ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕೊಟ್ಟು, ಬಣ್ಣವನ್ನು ಬದಲಿಸಿಕೊಂಡು ಹೊರಬರುತ್ತದೆ. ಎಷ್ಟು ಬದಲಾಯಿತೆಂಬುದು ಅಣುವಿನೊಳಗಿನ ಕೊಂಡಿಗಳನ್ನು ಅವಲಂಬಿಸಿರುವುದರಿಂದ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ರೇಖೆಗಳ ಗುರುತು ಇರುತ್ತದೆ. ರಾಮನ್, ಕೃಷ್ಣನ್ ಇಬ್ಬರೂ ಮೊದಲು ಪರೀಕ್ಷಿಸಿದ್ದೇ ಅರುವತ್ತರಷ್ಟು ಸಾಮಾನ್ಯ ದ್ರವಗಳನ್ನು! ಆ ವರ್ಷದ ಮಾರ್ಚ್ ೧೬ರಂದು ಈ ಶೋಧವನ್ನು ಕುರಿತು ರಾಮನ್ನರು ವಿಸ್ತಾರವಾಗಿ ಉಪನ್ಯಾಸ ಮಾಡಿದ್ದು ಬೆಂಗಳೂರಿನಲ್ಲಿ. ನೀರಿಗೂ ಪೆರಾಕ್ಸೈಡಿಗೂ ಕ್ಷ-ಕಿರಣದ ಕಣ್ಣಿನಲ್ಲಿ ಭೇದವಿಲ್ಲವೆಂದು ಮೇಲೆ ಹೇಳಿದೆವಷ್ಟೆ. ರಾಮನ್ ರೋಹಿತದಲ್ಲಿಯಾದರೊ, ಎರಡು ಆಮ್ಲಜನಕಗಳ ನಡುವಣ ಆ ದುರ್ಬಲವಾದ ಕೊಂಡಿ ಸೆಂಟಿಮೀಟರಿಗೆ ಸುಮಾರು ೮೭೫ ಎಂಬ ತರಂಗಸಂಖ್ಯೆಯ ಬಳಿ ಎದ್ದುಕಾಣುವ ರೇಖೆಯೊಂದನ್ನು ಕೊಡುತ್ತದೆ. ನೀರಿನಲ್ಲಿ ಆ ಕೊಂಡಿಯೇ ಇಲ್ಲ, ಆದ್ದರಿಂದ ರೇಖೆಯೂ ಇಲ್ಲ.

ಒಂದು ಅಡಚಣೆಯಿತ್ತು. ಲೇಸರ್ ಬೆಳಕನ್ನು ಶೀಶೆಯ ಮೇಲೆ ಬಿಟ್ಟರೆ ಮೊದಲು ಉತ್ತರ ಕೊಡುವುದು ಶೀಶೆಯ ಗೋಡೆ. ಅದರ ಗದ್ದಲದಲ್ಲಿ ಒಳಗಿನ ದ್ರವದ ಸಣ್ಣ ದನಿ ಅಡಗಿಹೋಗುತ್ತದೆ. ಬ್ರಿಟನ್ನಿನ ರದರ್‌ಫರ್ಡ್ ಆಪಲ್‌ಟನ್ ಪ್ರಯೋಗಶಾಲೆಯವರು ೨೦೦೫ರಲ್ಲಿ ಒಂದು ಸರಳವಾದ ಯುಕ್ತಿಯನ್ನು ಪ್ರಕಟಿಸಿದರು. ಲೇಸರ್ ಬಿದ್ದ ಜಾಗದಲ್ಲಿಯೇ ನೋಡದೆ, ಕೆಲವು ಮಿಲಿಮೀಟರು ಪಕ್ಕಕ್ಕೆ ಸರಿದು ನೋಡಬೇಕು. ಅಷ್ಟು ದೂರ ಬಂದು ಹೊರಬಿದ್ದ ಬೆಳಕು ಒಳಗೆ ಆಳಕ್ಕೆ ಹೊಕ್ಕು ಅಲೆದು ಬಂದುದೇ ಸರಿ. ಎರಡು ಜಾಗಗಳ ರೋಹಿತಗಳನ್ನು ಒಂದರಿಂದೊಂದು ಕಳೆದರೆ ಗೋಡೆ ಮಾಯವಾಗಿ ದ್ರವ ಉಳಿಯುತ್ತದೆ. ೨೦೧೪ರ ಜನವರಿ ೩೧ರಿಂದ ಯೂರೋಪಿನ ನಿಲ್ದಾಣಗಳಲ್ಲಿ ಮುದ್ರೆಯೊತ್ತಿದ ಚೀಲದ ಸುಂಕರಹಿತ ಮದ್ಯ, ಔಷಧಿ, ಕೂಸಿನ ಆಹಾರಗಳನ್ನು ಯಂತ್ರದಿಂದ ಪರೀಕ್ಷಿಸಬೇಕೆಂಬ ಕಟ್ಟಳೆ ಬಂದಾಗ ಈ ಬಗೆಯ ಯಂತ್ರಗಳು ಅಲ್ಲಿ ನೆಲೆಗೊಂಡವು. ಅದೇ ವರ್ಷ ಬ್ರಿಟನ್ನಿನಲ್ಲಿ ಇಂಜಿನಿಯರಿಂಗಿನ ಮ್ಯಾಕ್‌ರಾಬರ್ಟ್ ಪ್ರಶಸ್ತಿಯೂ ಇದಕ್ಕೆ ದೊರೆಯಿತು. ಲೋಹದ ಡಬ್ಬಿಯ ಮುಂದೆ ಮಾತ್ರ ಇದು ಕುರುಡು. ಬೆಳಕು ಒಳಗೆ ಹೋಗಬೇಕಲ್ಲವೆ?

ಒಂದೊಂದೇ ಶೀಶೆಯನ್ನು ಹೊರತೆಗೆದು ಪರೀಕ್ಷಿಸುವುದು ನಿಧಾನದ ಕೆಲಸ. ಚೀಲವನ್ನು ಬಿಚ್ಚದೆಯೇ ಎಲ್ಲವನ್ನೂ ನೋಡಲು ವೈದ್ಯರ ಉಪಕರಣವೊಂದು ನೆರವಿಗೆ ಬಂದಿದೆ. ೧೯೭೧ರಲ್ಲಿ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರ್ ರೋಗಿಯೊಬ್ಬರ ಮೆದುಳನ್ನು ಸುತ್ತಲಿಂದಲೂ ಕ್ಷ-ಕಿರಣಗಳಿಂದ ನೋಡಿ, ಗಣಿತದ ಸಹಾಯದಿಂದ ಅಡ್ಡಕೊಯ್ತದ ಚಿತ್ರವನ್ನು ಪಡೆದನು; ಕಾರ್ಮ್ಯಾಕನೊಡನೆ ೧೯೭೯ರ ನೊಬೆಲ್ ಬಹುಮಾನವನ್ನೂ ಹಂಚಿಕೊಂಡನು. ಅದೇ ತತ್ತ್ವದ ಯಂತ್ರ ಕೈಚೀಲವನ್ನು ಸುತ್ತುಹಾಕಿ ನೋಡಿದರೆ ನೆರಳುಗಳು ಒಂದರ ಮೇಲೊಂದು ಬೀಳುವುದಿಲ್ಲ. ಶೀಶೆಯೊಳಗಿನ ಪ್ರತಿಯೊಂದು ಬಿಂದುವಿನ ಸಾಂದ್ರತೆಯೂ, ಹೀರಿಕೆಯೂ ಬೇರೆ ಬೇರೆಯಾಗಿ ಅಂಕೆಗಳಲ್ಲಿ ದೊರೆಯುತ್ತದೆ. ಚಪ್ಪಟೆ ಚಿತ್ರದಲ್ಲಿ ಒಂದೇ ಎಂದು ತೋರುತ್ತಿದ್ದ ಸಣ್ಣ ಭೇದಗಳು ಇಲ್ಲಿ ಗಣಕಕ್ಕೆ ಸಿಕ್ಕುತ್ತವೆ.

ಇಂತಹ ಯಂತ್ರಗಳನ್ನು ನೆಚ್ಚಿಯೇ ಬ್ರಿಟನ್ನಿನ ಟೀಸೈಡ್, ಲಂಡನ್ ಸಿಟಿ ನಿಲ್ದಾಣಗಳು ೨೦೨೩ರಲ್ಲಿ ಮೇರೆಯನ್ನು ಎರಡು ಲೀಟರಿಗೆ ಏರಿಸಿದವು. ಮುಂದಿನ ಕಥೆ ನೆಟ್ಟಗೆ ಸಾಗಲಿಲ್ಲ. ೨೦೨೪ರ ಜೂನಿನಲ್ಲಿ ಬ್ರಿಟಿಷ್ ಸರಕಾರ ಈ ನಿಲ್ದಾಣಗಳಲ್ಲಿ ನೂರು ಮಿಲಿಲೀಟರನ್ನು ಮರಳಿ ತಂದಿತು. ಸೆಪ್ಟೆಂಬರ್ ೧ರಿಂದ ಯೂರೋಪಿನ ಒಕ್ಕೂಟವೂ ಹೊಸ ಯಂತ್ರಗಳಿದ್ದೆಡೆಯಲ್ಲಿ ಹಳೆಯ ನಿಯಮಕ್ಕೇ ಹಿಂದಿರುಗಿತು. ಹೀಗೆ ಹಿಂದಕ್ಕೆ ಸರಿದುದನ್ನು ಹಲವರು ಹಾಸ್ಯಮಾಡಿದರು, ನಮಗೆ ಮಾತ್ರ ಅದು ತಪ್ಪಾಗಿ ಕಾಣುವುದಿಲ್ಲ. ಯಂತ್ರ ದೊಡ್ಡ ಶೀಶೆಯನ್ನು ಸರಿಯಾಗಿ ಗುರುತಿಸುವುದೆಂದು ಮತ್ತೊಮ್ಮೆ ಪರೀಕ್ಷಿಸಿ ನೋಡುವುದರಲ್ಲಿ ನಷ್ಟವೇನು? ೨೦೨೫ರ ಜುಲೈಯಲ್ಲಿ ಯೂರೋಪಿನಲ್ಲಿ ಒಂದು ಮಾದರಿಯ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ತಿಂಗಳು ಬ್ರಿಟನ್ನಿನ ಎಡಿನ್‌ಬರೊ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳಲ್ಲಿ ಎರಡು ಲೀಟರಿನ ಶೀಶೆಗೆ ದಾರಿಯಾಯಿತು. ಆದರೆ ಯಂತ್ರ ಒಂದು ಊರಿನಲ್ಲಿದ್ದರೆ ಮತ್ತೊಂದು ಊರಿನಲ್ಲಿ ಇರುವುದಿಲ್ಲ. ಹೊರಡುವ ನಿಲ್ದಾಣದಲ್ಲಿ ತಡೆಯಿಲ್ಲದೆ ಒಳಗೆ ಬಂದ ದೊಡ್ಡ ಶೀಶೆಯನ್ನು, ನಡುವೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಕಿತ್ತುಕೊಳ್ಳಬಹುದು. ಪ್ರಯಾಣಿಕನು ತನ್ನ ಮಾರ್ಗದ ನಿಲ್ದಾಣಗಳೆಲ್ಲವುಗಳ ನಿಯಮವನ್ನೂ ವಿಚಾರಿಸಿಯೇ ಚೀಲ ಕಟ್ಟಬೇಕು.